ಕ್ಯಾಲಿಫೋರ್ನಿಯಾದಲ್ಲಿ ಸಮಾಜ ವಿಜ್ಞಾನದ ಎರಡು ವರ್ಷದ ಡಿಗ್ರಿ: ಏನೇನು ಬೇಕು, ಎಲ್ಲಿಂದ ಶುರು ಮಾಡಬೇಕು

ಕ್ಯುಪರ್ಟಿನೋ, ಫ್ರೀಮಾಂಟ್, ಸನಿವೇಲ್ ಕಡೆಯ ಕನ್ನಡದ ಮನೆಗಳಲ್ಲಿ ಕಮ್ಯುನಿಟಿ ಕಾಲೇಜು ಅಂದರೆ ಕಂಪ್ಯೂಟರ್ ಸೈನ್ಸು, ಅಕೌಂಟಿಂಗು, ಇಲ್ಲವೇ ನರ್ಸಿಂಗು. ಸೈಕಾಲಜಿ ಓದುತ್ತೇನೆ, ಸೋಷಿಯಾಲಜಿ ಓದುತ್ತೇನೆ ಎಂದು ಮಗಳು ಹೇಳಿದರೆ ಊಟದ ಮೇಜಿನಲ್ಲಿ ಒಂದು ಕ್ಷಣ ಮೌನ. ಆಮೇಲೆ, "ಅದರಿಂದ ಏನು ಕೆಲಸ ಸಿಗುತ್ತೆ?" ಆ ಪ್ರಶ್ನೆಗೆ ಮುಂದೆ ಬರೋಣ. ಮೊದಲು ಡಿಗ್ರಿ ಪಡೆಯಲು ಏನೇನು ಮಾಡಬೇಕು ಎಂಬುದನ್ನು ನೋಡೋಣ, ಏಕೆಂದರೆ ಹೆಚ್ಚಿನವರು ಎಡವುವುದು ಲೆಕ್ಕಾಚಾರದಲ್ಲಿ. ಪಾಠ ಕಷ್ಟವಾಗಿ ಬಿಟ್ಟವರು ಕಡಿಮೆ.

ಈ ರಾಜ್ಯದಲ್ಲಿ 116 ಕಮ್ಯುನಿಟಿ ಕಾಲೇಜುಗಳಿವೆ. ಬಹಳಷ್ಟು ಕಡೆ "ಸೋಷಿಯಲ್ ಅಂಡ್ ಬಿಹೇವಿಯರಲ್ ಸೈನ್ಸಸ್" ಎಂಬ ಅಸೋಸಿಯೇಟ್ ಡಿಗ್ರಿ (ಎರಡು ವರ್ಷದ್ದು, ಚಿಕ್ಕದಾಗಿ "ಎಎ") ಇದೆ. ಕೆಲವು ಕಡೆ ಅದೇ "ಲಿಬರಲ್ ಆರ್ಟ್ಸ್" ಹೆಸರಿನಡಿ ಒಂದು ಒತ್ತುವಿಷಯವಾಗಿ (ಏರಿಯಾ ಆಫ್ ಎಂಫಸಿಸ್, ಅಂದರೆ ಹೆಚ್ಚು ಕೋರ್ಸು ಓದುವ ವಿಷಯಗಳ ಗುಂಪು) ಬರುತ್ತದೆ. ಮೂಲ ನಿಯಮ ರಾಜ್ಯದ್ದು, "ಟೈಟಲ್ 5" ಎಂಬ ನಿಯಮಾವಳಿಯಲ್ಲಿದೆ. ಅದರ ಮೇಲೆ ಪ್ರತಿ ಕಾಲೇಜೂ ತನ್ನದೊಂದಿಷ್ಟು ಸೇರಿಸುತ್ತದೆ. ಆದ್ದರಿಂದ ಇಲ್ಲಿರುವುದನ್ನು ಚೌಕಟ್ಟು ಎಂದುಕೊಂಡು, ಕೋರ್ಸುಗಳ ಹೆಸರನ್ನು ನಿಮ್ಮ ಕಾಲೇಜಿನ ಕ್ಯಾಟಲಾಗಿನಿಂದ ತುಂಬಿಕೊಳ್ಳಿ.

ಹೆಜ್ಜೆ 1: ಎಲ್ಲಿಗೆ ಹೋಗಬೇಕೆಂದು ಮೊದಲು ತೀರ್ಮಾನಿಸಿ

ಎರಡು ವರ್ಷ ಮುಗಿಸಿ ಏನು ಮಾಡುತ್ತೀರಿ ಎಂಬುದರ ಮೇಲೆ ಯಾವ ಡಿಗ್ರಿ ಎಂಬುದು ನಿಂತಿದೆ. ಮುಂದೆ ಬ್ಯಾಚುಲರ್ ಡಿಗ್ರಿಗೆ ವರ್ಗವಾಗುವವರಿಗೆ, ಅಂದರೆ ಇಲ್ಲಿಯವರ ಮಾತಿನಲ್ಲಿ "ಟ್ರಾನ್ಸ್‌ಫರ್" ಆಗುವವರಿಗೆ, ಎರಡು ದೊಡ್ಡ ದಾರಿಗಳಿವೆ: ಕ್ಯಾಲ್ ಸ್ಟೇಟ್ (ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ) ಮತ್ತು ಯುಸಿ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ).

ಕ್ಯಾಲ್ ಸ್ಟೇಟ್ ಗುರಿಯಾದರೆ ಸಾಮಾನ್ಯ ಎಎ ಡಿಗ್ರಿಗಿಂತ "ಎಎ-ಟಿ" ಡಿಗ್ರಿಯನ್ನು ಮೊದಲು ನೋಡಿ. 2010ರ ಕಾನೂನಿನಿಂದ ಹುಟ್ಟಿದ ಈ ಡಿಗ್ರಿ ಒಂದೇ ವಿಷಯದ್ದು: ಸೈಕಾಲಜಿ ಎಎ-ಟಿ, ಸೋಷಿಯಾಲಜಿ ಎಎ-ಟಿ, ಆಂಥ್ರೊಪಾಲಜಿ ಎಎ-ಟಿ, ಎಕನಾಮಿಕ್ಸ್ ಎಎ-ಟಿ. ಇದನ್ನು ಮುಗಿಸಿ ಕನಿಷ್ಠ ಅರ್ಹತೆ ಇಟ್ಟುಕೊಂಡವರಿಗೆ ಕ್ಯಾಲ್ ಸ್ಟೇಟ್ ವ್ಯವಸ್ಥೆಯಲ್ಲಿ ಎಲ್ಲಾದರೂ ಒಂದು ಸೀಟು ಖಚಿತ, ಅಲ್ಲಿ ಹೊಂದುವ ವಿಷಯದಲ್ಲಿ ಇನ್ನು 60 ಯೂನಿಟ್ (ಕೋರ್ಸುಗಳನ್ನು ಅಳೆಯುವ ಲೆಕ್ಕ) ಮುಗಿಸಿದರೆ ಬ್ಯಾಚುಲರ್ ಡಿಗ್ರಿ. "ಎಲ್ಲಾದರೂ" ಎಂಬ ಮಾತನ್ನು ಗಮನಿಸಿ. ಸ್ಯಾನ್ ಹೊಸೇ ಸ್ಟೇಟಿನಲ್ಲೇ ಸಿಗುತ್ತದೆ ಎಂದು ಯಾರೂ ಭರವಸೆ ಕೊಟ್ಟಿಲ್ಲ.

ಯುಸಿಗೆ ಬೇರೆ ಏರ್ಪಾಡು. ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂಟಾ ಬಾರ್ಬರಾ, ಸಾಂಟಾ ಕ್ರೂಸ್, ಈ ಆರು ಕ್ಯಾಂಪಸ್‌ಗಳು "ಟ್ಯಾಗ್" ಎಂಬ ಪ್ರವೇಶ ಖಾತರಿ ಕೊಡುತ್ತವೆ. ಒಂದು ಕ್ಯಾಂಪಸ್ಸಿಗೆ ಮಾತ್ರ ಟ್ಯಾಗ್ ಹಾಕಬಹುದು, ಸೆಪ್ಟೆಂಬರ್ 1ರಿಂದ 30ರ ಒಳಗೆ. ಬರ್ಕ್ಲಿ, ಲಾಸ್ ಏಂಜಲಿಸ್, ಸ್ಯಾನ್ ಡಿಯಾಗೋ ಈ ಪಟ್ಟಿಯಲ್ಲಿಲ್ಲ. ಯುಸಿ ನಿಮ್ಮ ಅಸೋಸಿಯೇಟ್ ಡಿಗ್ರಿಯ ಹೆಸರಿಗಿಂತ ಹೆಚ್ಚಾಗಿ ನೋಡುವುದು ನಿಮ್ಮ ವಿಷಯಕ್ಕೆ ಬೇಕಾದ ಕೋರ್ಸುಗಳು ಮುಗಿದಿವೆಯೇ, ಅಂಕ ಎಷ್ಟು ಎಂಬುದನ್ನು.

ಹಾಗಾದರೆ ಸಾಮಾನ್ಯ ಸಮಾಜ ವಿಜ್ಞಾನದ ಎಎ ಯಾರಿಗೆ? ನನ್ನ ಅಭಿಪ್ರಾಯ ಇಷ್ಟು: ವಿಷಯ ಇನ್ನೂ ಗಟ್ಟಿಯಾಗದವರಿಗೆ, ಎರಡು ವರ್ಷಕ್ಕೇ ನಿಲ್ಲಿಸಿ ಕೆಲಸ ಹುಡುಕುವವರಿಗೆ, ಮತ್ತು ಯುಸಿಗೆ ಸಿದ್ಧವಾಗುವ ಹಾದಿಯಲ್ಲೇ ಕೈಗೊಂದು ಡಿಗ್ರಿಯೂ ಸಿಗಲಿ ಎನ್ನುವವರಿಗೆ. ಕ್ಯಾಲ್ ಸ್ಟೇಟಿಗೆ ಹೋಗುವುದು ಖಚಿತವಿದ್ದು, ವಿಷಯವೂ ಗೊತ್ತಿದ್ದು ಇದನ್ನೇ ಮೊದಲ ಆಯ್ಕೆ ಮಾಡಿಕೊಂಡರೆ ಕೈಗೆ ಬರುತ್ತಿದ್ದ ಖಾತರಿಯನ್ನು ಬಿಟ್ಟುಕೊಟ್ಟ ಹಾಗೆ.

ಊರಿನಲ್ಲಿ ಬಿಇ, ಬಿಕಾಂ ಮುಗಿಸಿ ಬಂದು ಇಲ್ಲಿ ಕೌನ್ಸೆಲಿಂಗ್ ಅಥವಾ ಸೋಷಿಯಲ್ ವರ್ಕಿನಲ್ಲಿ ಮಾಸ್ಟರ್ಸ್ ಮಾಡಬೇಕೆನ್ನುವವರೂ ಈ ಡಿಗ್ರಿಯ ಬಗ್ಗೆ ಕೇಳುತ್ತಾರೆ. ಅವರಿಗೆ ಸಾಮಾನ್ಯವಾಗಿ ಇಡೀ ಡಿಗ್ರಿ ಬೇಕಾಗುವುದಿಲ್ಲ. ಆ ಮಾಸ್ಟರ್ಸ್ ಕಾರ್ಯಕ್ರಮ ಕೇಳುವ ಸ್ಟ್ಯಾಟಿಸ್ಟಿಕ್ಸ್, ಸೈಕಾಲಜಿ ಪರಿಚಯದಂಥ ನಾಲ್ಕಾರು ಕೋರ್ಸುಗಳನ್ನಷ್ಟೇ ಕಮ್ಯುನಿಟಿ ಕಾಲೇಜಿನಲ್ಲಿ ಮುಗಿಸಿದರೆ ಸಾಕಾಗಬಹುದು. ಮೊದಲು ಆ ಕಾರ್ಯಕ್ರಮದವರನ್ನು ಕೇಳಿ.

ಹೆಜ್ಜೆ 2: ನಿಮ್ಮ ಶುಲ್ಕದ ವರ್ಗ ತಿಳಿದುಕೊಳ್ಳಿ

ರಾಜ್ಯದ ನಿವಾಸಿ ಎಂದು ಪರಿಗಣಿಸಲಾದವರಿಗೆ ಸೆಮಿಸ್ಟರ್ ಯೂನಿಟ್ ಒಂದಕ್ಕೆ 46 ಡಾಲರ್. ಡಿ ಆಂಜಾ, ಫುಟ್‌ಹಿಲ್‌ನಂಥ ಕ್ವಾರ್ಟರ್ ಪದ್ಧತಿಯ ಕಾಲೇಜಿನಲ್ಲಿ ಯೂನಿಟ್ಟಿಗೆ 31 ಡಾಲರ್. 60 ಸೆಮಿಸ್ಟರ್ ಯೂನಿಟ್ಟಿಗೆ ಲೆಕ್ಕ ಹಾಕಿದರೆ 2,760 ಡಾಲರ್. 90 ಕ್ವಾರ್ಟರ್ ಯೂನಿಟ್ಟಿಗೆ 2,790. ಇದರ ಮೇಲೆ ಆರೋಗ್ಯ ಶುಲ್ಕ, ಪಾರ್ಕಿಂಗು, ಪುಸ್ತಕ. ನಿವಾಸಿಯಲ್ಲದವರಿಗೆ ಇದರ ಹಲವು ಪಟ್ಟು.

ಎಚ್-1ಬಿ (ಕೆಲಸದ ವೀಸಾ), ಎಚ್-4 (ಅವರ ಗಂಡ, ಹೆಂಡತಿ, ಮಕ್ಕಳ ವೀಸಾ) ಇರುವವರು ಕ್ಯಾಲಿಫೋರ್ನಿಯಾದ ನಿವಾಸಿ ಎನಿಸಿಕೊಳ್ಳಬಹುದು ಎಂಬುದು ನಮ್ಮವರಲ್ಲಿ ಎಷ್ಟೋ ಜನಕ್ಕೆ ಗೊತ್ತಿಲ್ಲ. ಒಂದು ವರ್ಷಕ್ಕೂ ಮೇಲ್ಪಟ್ಟು ಇಲ್ಲೇ ನೆಲೆಸಿದ್ದೀರಿ, ನೆಲೆಸುವ ಉದ್ದೇಶವೂ ಇದೆ ಎಂದು ತೋರಿಸಲು ಬಾಡಿಗೆ ಕರಾರು, ರಾಜ್ಯದ ತೆರಿಗೆ ಪತ್ರ, ಡ್ರೈವಿಂಗ್ ಲೈಸೆನ್ಸಿನಂಥ ದಾಖಲೆ ಕೊಡಬೇಕು. ಎಚ್-4 ಇಟ್ಟುಕೊಂಡೇ ಓದಬಹುದು, ಓದಿಗಾಗಿ ಎಫ್-1 ಎಂಬ ವಿದ್ಯಾರ್ಥಿ ವೀಸಾಕ್ಕೆ ಬದಲಾಗಬೇಕಿಲ್ಲ. ಆದರೆ ಎಚ್-4ನಲ್ಲಿರುವವರಿಗೆ ಕೇಂದ್ರ ಸರ್ಕಾರದ ವಿದ್ಯಾರ್ಥಿ ನೆರವು ಸಿಗುವುದಿಲ್ಲ. ಮಕ್ಕಳಿಗೆ 21 ತುಂಬಿದರೆ ಎಚ್-4 ಮುಗಿಯುತ್ತದೆ. ಎಫ್-1ಕ್ಕೆ ಹೋದರೆ ಶುಲ್ಕದ ವರ್ಗವೂ ಬದಲಾಗಬಹುದು. ಮಗನಿಗೆ ಆಗಲೇ 19 ಆಗಿದ್ದರೆ, ಕೋರ್ಸಿನ ಯೋಜನೆ ಹಾಕುವ ಮೊದಲು ಈ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ.

ಬೆಂಗಳೂರಿನಿಂದಲೋ ಹುಬ್ಬಳ್ಳಿಯಿಂದಲೋ ನೇರವಾಗಿ ಎಫ್-1 ಮೇಲೆ ಬರುವವರು ಪ್ರತಿ ಅವಧಿಯಲ್ಲೂ ಕನಿಷ್ಠ 12 ಯೂನಿಟ್ ತೆಗೆದುಕೊಳ್ಳಬೇಕು. ಆ 12ರ ಲೆಕ್ಕಕ್ಕೆ ಪೂರ್ತಿ ಆನ್‌ಲೈನಾದ ಒಂದು ಕೋರ್ಸು ಮಾತ್ರ ಸೇರುತ್ತದೆ. ಸಮಾಜ ವಿಜ್ಞಾನದ ಕೋರ್ಸುಗಳಲ್ಲಿ ಆನ್‌ಲೈನ್ ತರಗತಿಗಳು ಧಾರಾಳ. ಆಸೆಗೆ ಬಿದ್ದು ಎರಡು ಮೂರು ಹಾಕಿಕೊಂಡರೆ ವೀಸಾಗೇ ಕುತ್ತು.

ಹೆಜ್ಜೆ 3: 60 ಯೂನಿಟ್‌ಗಳ ಲೆಕ್ಕ ಹಾಕಿ

ಈ ಲೇಖನದ ತಿರುಳು ಇದೇ, ಸ್ವಲ್ಪ ನಿಧಾನವಾಗಿ ಓದಿ.

ರಾಜ್ಯದ ಕನಿಷ್ಠ ನಿಯಮ ಹೀಗಿದೆ. ಒಟ್ಟು 60 ಸೆಮಿಸ್ಟರ್ ಯೂನಿಟ್, ಅಥವಾ 90 ಕ್ವಾರ್ಟರ್ ಯೂನಿಟ್. ಒಟ್ಟಾರೆ ಜಿಪಿಎ, ಅಂದರೆ ಗ್ರೇಡುಗಳ ಸರಾಸರಿ, 2.0 ಇರಬೇಕು. ಮುಖ್ಯ ವಿಷಯದಲ್ಲಿ ಅಥವಾ ಒತ್ತುವಿಷಯದಲ್ಲಿ ಕನಿಷ್ಠ 18 ಸೆಮಿಸ್ಟರ್ ಯೂನಿಟ್, ಆ ಒಂದೊಂದು ಕೋರ್ಸಿನಲ್ಲೂ "ಸಿ" ಅಥವಾ ಅದಕ್ಕಿಂತ ಮೇಲೆ. ಡಿಗ್ರಿ ಕೊಡುವ ಕಾಲೇಜಿನಲ್ಲೇ ಕನಿಷ್ಠ 12 ಸೆಮಿಸ್ಟರ್ ಯೂನಿಟ್ ಓದಿರಬೇಕು. ಇವುಗಳ ಜೊತೆಗೆ ಯಾವ ವಿಷಯದವರಾದರೂ ಓದಬೇಕಾದ ಜನರಲ್ ಎಜುಕೇಷನ್ ಕೋರ್ಸುಗಳು, ಎಲ್ಲರ ಬಾಯಲ್ಲಿ "ಜಿಇ".

ಜಿಇಗೆ ಎರಡು ಮಾದರಿಗಳಿವೆ. ಒಂದು ಕಾಲೇಜಿನ ಸ್ವಂತದ್ದು, ಕನಿಷ್ಠ 21 ಸೆಮಿಸ್ಟರ್ ಯೂನಿಟ್: ಇಂಗ್ಲಿಷ್ ಬರವಣಿಗೆ, ಮಾತುಗಾರಿಕೆ ಹಾಗೂ ವಿಮರ್ಶಾ ಚಿಂತನೆ, ಗಣಿತ, ಕಲೆ ಮತ್ತು ಮಾನವಿಕ, ಸಮಾಜ ವಿಜ್ಞಾನ, ನಿಸರ್ಗ ವಿಜ್ಞಾನ, ಎಥ್ನಿಕ್ ಸ್ಟಡೀಸ್ (ಅಮೆರಿಕದ ಜನಾಂಗೀಯ ಸಮುದಾಯಗಳ ಅಧ್ಯಯನ), ತಲಾ 3. ಇನ್ನೊಂದು "ಕ್ಯಾಲ್-ಗೆಟ್ಸಿ". 2025ರ ಫಾಲ್‌ನಿಂದ ಹೊಸ ವಿದ್ಯಾರ್ಥಿಗಳಿಗೆ ಹಳೆಯ ಎರಡು ವರ್ಗಾವಣೆ ಮಾದರಿಗಳ ಬದಲು ಬಂದದ್ದು. ಕ್ಯಾಲ್ ಸ್ಟೇಟಿಗೂ ಯುಸಿಗೂ ಒಂದೇ. ಇದರಲ್ಲಿ 34 ಯೂನಿಟ್: ಇಂಗ್ಲಿಷ್ ಬರವಣಿಗೆ, ವಿಮರ್ಶಾ ಚಿಂತನೆ, ಭಾಷಣ ಸೇರಿ 9, ಗಣಿತ ಅಥವಾ ಸ್ಟ್ಯಾಟಿಸ್ಟಿಕ್ಸ್ 3, ಕಲೆ ಹಾಗೂ ಮಾನವಿಕ 6, ಸಮಾಜ ವಿಜ್ಞಾನದ ಎರಡು ಬೇರೆ ಬೇರೆ ವಿಷಯಗಳಿಂದ 6, ಭೌತ ಮತ್ತು ಜೀವ ವಿಜ್ಞಾನ ಲ್ಯಾಬ್ ಸೇರಿ 7, ಎಥ್ನಿಕ್ ಸ್ಟಡೀಸ್ 3. ಇಲ್ಲಿ ಪ್ರತಿ ಕೋರ್ಸಿನಲ್ಲೂ "ಸಿ" ಬೇಕು, ಒಂದು "ಡಿ" ಬಿದ್ದರೂ ಆ ಖಾನೆ ಖಾಲಿಯೇ.

ಮುಂದೆ ಓದುವ ಸಾಧ್ಯತೆ ಸ್ವಲ್ಪವಾದರೂ ಇದ್ದರೆ ಕ್ಯಾಲ್-ಗೆಟ್ಸಿ ಹಿಡಿಯಿರಿ. 21ರ ಮಾದರಿ ಹಗುರ ಎನಿಸಿದರೂ, ಆಮೇಲೆ ಮನಸ್ಸು ಬದಲಾದರೆ ಲ್ಯಾಬು, ಭಾಷಣ ಎಂದು ಒಂದೊಂದೇ ಕೋರ್ಸಿಗೆ ಮತ್ತೆ ಅವಧಿ ಕಳೆಯಬೇಕಾಗುತ್ತದೆ.

34ಕ್ಕೆ 18 ಕೂಡಿಸಿದರೆ 52. ಆದರೆ ನಿಜವಾಗಿ ಅಷ್ಟು ಆಗುವುದಿಲ್ಲ, ಏಕೆಂದರೆ ಒಂದೇ ಕೋರ್ಸು ಜಿಇಗೂ ಒತ್ತುವಿಷಯಕ್ಕೂ ಲೆಕ್ಕಕ್ಕೆ ಬರಬಹುದು. ಸೈಕಾಲಜಿ ಪರಿಚಯ, ಅಮೆರಿಕದ ಸರ್ಕಾರ, ಈ ಎರಡು ಕೋರ್ಸುಗಳು ಎರಡೂ ಕಡೆ ನಿಂತರೆ 6 ಯೂನಿಟ್ ಉಳಿಯಿತು. ಎಥ್ನಿಕ್ ಸ್ಟಡೀಸ್ ಕೋರ್ಸೂ ನಿಮ್ಮ ಕಾಲೇಜಿನ ಒತ್ತುವಿಷಯದ ಪಟ್ಟಿಯಲ್ಲಿದ್ದರೆ ಇನ್ನೊಂದು 3. 52ರಲ್ಲಿ 9 ಕಳೆದರೆ 43. ಅಂದರೆ 60ಕ್ಕೆ ಇನ್ನೂ 17 ಯೂನಿಟ್ ನಿಮ್ಮ ಕೈಯಲ್ಲಿ. ಈ 17ನ್ನು ಹೇಗೆ ಖರ್ಚು ಮಾಡುತ್ತೀರಿ ಎಂಬುದರಲ್ಲೇ ಜಾಣತನ. ಸಮಯ ಹೊಂದುತ್ತದೆ ಎಂದು ಯೋಗ, ಫೋಟೋಗ್ರಫಿ ಹಾಕಿಕೊಂಡವರು ಎರಡು ವರ್ಷ ಕಳೆದ ಮೇಲೆ ರಿಸರ್ಚ್ ಮೆಥಡ್ಸ್‌ಗಾಗಿ ಐದನೇ ಸೆಮಿಸ್ಟರ್ ಕೂರುತ್ತಾರೆ. ಯೋಗ ಬೇಡವೆನ್ನುತ್ತಿಲ್ಲ, ಮೊದಲು ವರ್ಗಾವಣೆಗೆ ಬೇಕಾದದ್ದು ತುಂಬಲಿ.

ಕ್ವಾರ್ಟರ್ ಕಾಲೇಜಿನವರು ಸೆಮಿಸ್ಟರ್ ಅಂಕಿಯನ್ನು ಒಂದೂವರೆಯಿಂದ ಗುಣಿಸಿಕೊಳ್ಳಿ. ಒಂದು ಕ್ವಾರ್ಟರ್ ಯೂನಿಟ್ ಅಂದರೆ ಸೆಮಿಸ್ಟರಿನ ಮೂರರಲ್ಲಿ ಎರಡು ಪಾಲು. ಬೇಸಿಗೆಯಲ್ಲಿ ಸೆಮಿಸ್ಟರ್ ಪದ್ಧತಿಯ ಓಲೋನಿ ಕಾಲೇಜಿನಲ್ಲಿ ಒಂದು ಕೋರ್ಸು, ಉಳಿದದ್ದು ಡಿ ಆಂಜಾದಲ್ಲಿ ಎಂದು ಬೆರೆಸುವವರಿಗೆ ಈ ಪರಿವರ್ತನೆಯಲ್ಲಿ ಅರ್ಧ, ಒಂದು ಯೂನಿಟ್ ಕೊರತೆ ಬಿದ್ದು ಡಿಗ್ರಿ ತಡವಾಗುವುದುಂಟು.

ಹೆಜ್ಜೆ 4: ಒತ್ತುವಿಷಯದ ಕೋರ್ಸುಗಳನ್ನು ಆರಿಸಿ

ಸಾಮಾನ್ಯವಾಗಿ ಪಟ್ಟಿಯಲ್ಲಿ ಮನಶ್ಶಾಸ್ತ್ರ, ಸಮಾಜಶಾಸ್ತ್ರ, ಮಾನವಶಾಸ್ತ್ರ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಭೂಗೋಳ, ಇತಿಹಾಸ ಇರುತ್ತವೆ. ಎಲ್ಲ 18ನ್ನೂ ಸೈಕಾಲಜಿಯಲ್ಲೇ ತೆಗೆದುಕೊಳ್ಳಲು ಬಹುತೇಕ ಕಾಲೇಜುಗಳು ಬಿಡುವುದಿಲ್ಲ. ಎರಡು ಮೂರು ವಿಭಾಗಗಳಿಗೆ ಹರಡಬೇಕು.

ಯಾವ ವಿಷಯಕ್ಕೆ ಹೋಗಬೇಕೆಂದರೂ ಕೈಬಿಡಬಾರದ ಒಂದು ಕೋರ್ಸು ಇದ್ದರೆ ಅದು ಸ್ಟ್ಯಾಟಿಸ್ಟಿಕ್ಸ್. ಸೈಕಾಲಜಿ ಎಎ-ಟಿಗೆ ಬೇಕು, ಸೋಷಿಯಾಲಜಿಯ ಪಟ್ಟಿಯಲ್ಲೂ ಇರುತ್ತದೆ, ಎಕನಾಮಿಕ್ಸ್‌ಗೂ ಬೇಕು, ಕ್ಯಾಲ್-ಗೆಟ್ಸಿಯ ಗಣಿತದ ಖಾನೆಯೂ ಇದರಿಂದಲೇ ತುಂಬುತ್ತದೆ. ರಿಸರ್ಚ್ ಮೆಥಡ್ಸ್ ಕೋರ್ಸಿಗೆ ಕೂರಲು ಹಲವು ಕಡೆ ಇದು ಮೊದಲು ಮುಗಿದಿರಬೇಕು. ಆದ್ದರಿಂದ ಮೊದಲ ಅವಧಿಯಲ್ಲೇ ಮುಗಿಸಿಬಿಡಿ. ಸಮಾಜ ವಿಜ್ಞಾನ ಆರಿಸಿಕೊಂಡದ್ದೇ ಗಣಿತದಿಂದ ತಪ್ಪಿಸಿಕೊಳ್ಳಲು ಎನ್ನುವವರಿಗೆ ಇದು ಕಹಿ ಸುದ್ದಿ. ಎಕನಾಮಿಕ್ಸ್ ಎಎ-ಟಿಯಲ್ಲಂತೂ ಕ್ಯಾಲ್ಕ್ಯುಲಸ್ ಕೂಡ ಇದೆ.

2025ರ ಫಾಲ್‌ನಿಂದ ಕೆಲವು ಕೋರ್ಸುಗಳಿಗೆ ರಾಜ್ಯದಾದ್ಯಂತ ಒಂದೇ ಸಂಖ್ಯೆ ಬಂದಿದೆ. ಸೈಕಾಲಜಿ ಪರಿಚಯ ಎಲ್ಲ ಕಡೆ ಸೈಕ್ ಸಿ1000. ಸ್ಟ್ಯಾಟಿಸ್ಟಿಕ್ಸ್, ಅಮೆರಿಕದ ಸರ್ಕಾರ, ಮೊದಲ ಇಂಗ್ಲಿಷ್, ಭಾಷಣ ಕೋರ್ಸುಗಳೂ ತಮ್ಮ ವಿಭಾಗದ ಸಂಕೇತದೊಂದಿಗೆ ಸಿ1000. ಎರಡು ಕಾಲೇಜಿನಲ್ಲಿ ಓದುವವರಿಗೆ ಇದರಿಂದ ತಲೆನೋವು ಎಷ್ಟೋ ಕಡಿಮೆಯಾಗಿದೆ. ಉಳಿದ ಕೋರ್ಸುಗಳಿಗೆ ಅಸಿಸ್ಟ್ ಡಾಟ್ ಆರ್ಗ್ ಎಂಬ ಜಾಲತಾಣ ನೋಡಿ. ಅಲ್ಲಿ ನಿಮ್ಮ ಕಾಲೇಜು, ಹೋಗಬೇಕಾದ ವಿಶ್ವವಿದ್ಯಾಲಯ, ವಿಷಯ ಮೂರನ್ನೂ ಹಾಕಿದರೆ ಯಾವ ಕೋರ್ಸು ಯಾವುದಕ್ಕೆ ಸಮ ಎಂಬ ಪಟ್ಟಿ ಬರುತ್ತದೆ. ಒಂದೇ ಸೈಕಾಲಜಿಗೆ ಒಂದು ಕ್ಯಾಂಪಸ್ ಕೇಳುವುದೇ ಬೇರೆ, ಇನ್ನೊಂದು ಕೇಳುವುದೇ ಬೇರೆ. ಮೂರು ಕ್ಯಾಂಪಸ್‌ಗಳ ಪಟ್ಟಿಯನ್ನು ಅಕ್ಕಪಕ್ಕ ಇಟ್ಟು, ಮೂರರಲ್ಲೂ ಇರುವುದನ್ನು ಮೊದಲು ಓದಿ.

ಎಥ್ನಿಕ್ ಸ್ಟಡೀಸ್ ಕಡ್ಡಾಯ ಎಂದು ಮುಖ ಸಿಂಡರಿಸುವ ತಂದೆತಾಯಂದಿರಿಗೆ ಒಂದು ಮಾತು. ಏಷ್ಯನ್ ಅಮೆರಿಕನ್ ಸ್ಟಡೀಸ್ ಆರಿಸಿಕೊಂಡರೆ ಮಕ್ಕಳಿಗೆ ನಮ್ಮದೇ ಕಥೆ ಸಿಗುತ್ತದೆ. 1923ರಲ್ಲಿ ಭಗತ್ ಸಿಂಗ್ ಥಿಂಡ್ ಪ್ರಕರಣದಲ್ಲಿ ಭಾರತೀಯರು ಅಮೆರಿಕದ ಪೌರತ್ವಕ್ಕೆ ಅರ್ಹರಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ಆ ಬಾಗಿಲು ತೆರೆಯಲು 1946ರ ಕಾನೂನೇ ಬೇಕಾಯಿತು. ಹತ್ತು ವರ್ಷದ ನಂತರ ಇದೇ ಕ್ಯಾಲಿಫೋರ್ನಿಯಾದಿಂದ ದಲೀಪ್ ಸಿಂಗ್ ಸೌಂಧ್ ಅಮೆರಿಕದ ಕಾಂಗ್ರೆಸ್ಸಿಗೆ ಆರಿಸಿ ಬಂದರು. ಗ್ರೀನ್ ಕಾರ್ಡಿನ ಸಾಲಿನಲ್ಲಿ ನಿಂತ ಮನೆಯ ಮಗುವಿಗೆ ಇದಕ್ಕಿಂತ ಹತ್ತಿರದ ಪಾಠ ಯಾವುದಿದೆ?

ಇನ್ನು ಆ "ಏನು ಕೆಲಸ" ಪ್ರಶ್ನೆ. ಎರಡು ವರ್ಷದ ಡಿಗ್ರಿಯೊಂದರಿಂದಲೇ ಸಿಗುವ ಕೆಲಸಗಳು ಸೀಮಿತ. ಶಾಲೆಗಳಲ್ಲಿ ತರಗತಿ ಸಹಾಯಕರ ಹುದ್ದೆ, ಸಮುದಾಯ ಸಂಸ್ಥೆಗಳಲ್ಲಿ ಕೇಸ್ ನೋಡಿಕೊಳ್ಳುವವರಿಗೆ ಸಹಾಯಕರಾಗಿ, ಕಚೇರಿಗಳಲ್ಲಿ. ಕೇಂದ್ರದ ಟೈಟಲ್ 1 ನೆರವು (ಬಡ ಮಕ್ಕಳು ಹೆಚ್ಚಿರುವ ಶಾಲೆಗಳಿಗೆ ಕೊಡುವ ಹಣ) ಪಡೆಯುವ ಶಾಲೆಗಳಲ್ಲಿ ತರಗತಿ ಸಹಾಯಕರಿಗೆ ಅಸೋಸಿಯೇಟ್ ಡಿಗ್ರಿ ಇದ್ದರೆ ಅರ್ಹತಾ ಪರೀಕ್ಷೆಯ ಗೊಡವೆ ಇಲ್ಲ. ಎಚ್-4ನವರು ಕೆಲಸಕ್ಕೆ ಸೇರಲು ಡಿಗ್ರಿ ಸಾಲದು, ಕೆಲಸದ ಅನುಮತಿ ಪತ್ರವೂ ಬೇಕು. ಲೈಸೆನ್ಸ್ ಪಡೆದ ಥೆರಪಿಸ್ಟ್, ಕ್ಲಿನಿಕಲ್ ಸೋಷಿಯಲ್ ವರ್ಕರ್ ಆಗಲು ಮಾಸ್ಟರ್ಸ್ ತನಕ ಹೋಗಲೇಬೇಕು. ಇದು ಮೊದಲ ಮೆಟ್ಟಿಲು ಎಂದು ತಿಳಿದು ಹತ್ತಿದರೆ ನಿರಾಸೆಯಿಲ್ಲ. ಭಾರತಕ್ಕೆ ಮರಳುವ ಯೋಚನೆ ಇರುವವರು ಇದನ್ನು ಬಿಎಗೆ ಸಮ ಎಂದು ಎಣಿಸಬೇಡಿ.

ಸಮಾಜಶಾಸ್ತ್ರ ನಮ್ಮವರ ವಿಷಯವಲ್ಲ ಎನ್ನುವವರಿಗೆ ಎಂ.ಎನ್. ಶ್ರೀನಿವಾಸರ ನೆನಪು ಮಾಡಿಕೊಡಬಹುದು. ಮೈಸೂರಿನಲ್ಲಿ ಹುಟ್ಟಿ ಅಲ್ಲಿನ ಹಳ್ಳಿಯೊಂದರಲ್ಲಿ 1948ರಲ್ಲಿ ಕ್ಷೇತ್ರಕಾರ್ಯ ಮಾಡಿದ ಅವರ ಟಿಪ್ಪಣಿಗಳು 1970ರಲ್ಲಿ ಇಲ್ಲೇ, ಸ್ಟ್ಯಾನ್‌ಫರ್ಡಿನ ವರ್ತನಾ ವಿಜ್ಞಾನ ಕೇಂದ್ರಕ್ಕೆ ಬೆಂಕಿ ಬಿದ್ದಾಗ ಸುಟ್ಟುಹೋದವು. ಆ ಹಳ್ಳಿಯ ಬಗ್ಗೆ ಅವರು ಪುಸ್ತಕ ಬರೆದದ್ದು ನೆನಪನ್ನೇ ನಂಬಿ. ಕ್ಯುಪರ್ಟಿನೋದಿಂದ ಆ ಕೇಂದ್ರವಿರುವ ಗುಡ್ಡ ಕಾರಿನಲ್ಲಿ ಸ್ವಲ್ಪವೇ ದೂರ.

ಹೆಜ್ಜೆ 5: ಈಗಾಗಲೇ ಇರುವ ಅಂಕಗಳನ್ನು ಎಣಿಸಿಕೊಳ್ಳಿ

ಹೈಸ್ಕೂಲಿನಲ್ಲಿ ಎಪಿ ಪರೀಕ್ಷೆ (ಕಾಲೇಜು ಮಟ್ಟದ ಪಾಠಗಳ ಪರೀಕ್ಷೆ) ಬರೆದು 3 ಅಥವಾ ಮೇಲೆ ಬಂದಿದ್ದರೆ ಅದಕ್ಕೆ ಯೂನಿಟ್ ಸಿಗುತ್ತದೆ. ಎಪಿ ಸೈಕಾಲಜಿ ಕ್ಯಾಲ್-ಗೆಟ್ಸಿಯ ಸಮಾಜ ವಿಜ್ಞಾನದ ಒಂದು ಖಾನೆ ತುಂಬುತ್ತದೆ. ಅಂಕಪಟ್ಟಿಯನ್ನು ಕಾಲೇಜ್ ಬೋರ್ಡಿನಿಂದ ನೇರವಾಗಿ ಕಳಿಸಬೇಕು. ಮನೆಯಲ್ಲಿ ಪ್ರಿಂಟ್ ತೆಗೆದದ್ದು ನಡೆಯುವುದಿಲ್ಲ. ಹೈಸ್ಕೂಲಿನಲ್ಲಿರುವಾಗಲೇ ಕಮ್ಯುನಿಟಿ ಕಾಲೇಜಿನ ಕೋರ್ಸು ತೆಗೆದುಕೊಂಡಿದ್ದರೆ ಅವೂ ಸೇರುತ್ತವೆ. ಆದರೆ ಆಗ ಬಿದ್ದ "ಡಿ" ಕೂಡ ಕಾಲೇಜಿನ ದಾಖಲೆಯಲ್ಲಿ ಕೂತಿರುತ್ತದೆ.

ಭಾರತದ ಪದವಿ ಅಂಕಪಟ್ಟಿಗೆ ಡಬ್ಲ್ಯುಇಎಸ್‌ನಂಥ ಸಂಸ್ಥೆಯಿಂದ ಮೌಲ್ಯಮಾಪನ ಮಾಡಿಸಬೇಕು, ಕೋರ್ಸು ಕೋರ್ಸಿನ ವಿವರ ಇರುವಂಥದ್ದು. ಯಾವ ಸಂಸ್ಥೆಯ ವರದಿ ಒಪ್ಪುತ್ತಾರೆಂದು ಕಾಲೇಜನ್ನು ಕೇಳಿಯೇ ದುಡ್ಡು ಕಟ್ಟಿ. ಗಣಿತ, ವಿಜ್ಞಾನ ಒಪ್ಪಿದರೂ ಇಂಗ್ಲಿಷ್ ಬರವಣಿಗೆ, ಭಾಷಣದ ಕೋರ್ಸುಗಳನ್ನು ಸಾಮಾನ್ಯವಾಗಿ ಇಲ್ಲೇ ಓದಬೇಕಾಗುತ್ತದೆ.

ಹೆಜ್ಜೆ 6: ಅರ್ಜಿ, ಕೌನ್ಸೆಲರ್, ವೇಳಾಪಟ್ಟಿ

ಅರ್ಜಿ ಆನ್‌ಲೈನ್, ನಿವಾಸಿಗಳಿಗೆ ಉಚಿತ. ಪ್ರವೇಶ ಪರೀಕ್ಷೆ ಇಲ್ಲ. ಇಂಗ್ಲಿಷ್, ಗಣಿತಕ್ಕೆ ಹಿಂದೆ ಇದ್ದ ಪ್ಲೇಸ್‌ಮೆಂಟ್ ಟೆಸ್ಟನ್ನೂ 2017ರ ಕಾನೂನಿನ ನಂತರ ಬಹುತೇಕ ಕೈಬಿಟ್ಟು, ಹೈಸ್ಕೂಲಿನ ಅಂಕ ನೋಡಿ ನೇರವಾಗಿ ಕಾಲೇಜು ಮಟ್ಟದ ಕೋರ್ಸಿಗೇ ಕೂರಿಸುತ್ತಾರೆ. ಅರ್ಜಿಯ ನಂತರ ಓರಿಯೆಂಟೇಷನ್, ಆಮೇಲೆ ಕೌನ್ಸೆಲರ್ ಜೊತೆ ಕೂತು ಎಜುಕೇಷನ್ ಪ್ಲ್ಯಾನ್. ಇದನ್ನು ಮುಗಿಸಿದ ಹೊಸಬರಿಗೆ ನೋಂದಣಿಯಲ್ಲಿ ಬೇಗನೆ ಸರದಿ ಸಿಗುತ್ತದೆ, ಇಲ್ಲದಿದ್ದರೆ ಬೇಕಾದ ಸೆಕ್ಷನ್ ತುಂಬಿಹೋಗಿ ವೇಟ್‌ಲಿಸ್ಟೇ ಗತಿ.

ಕೌನ್ಸೆಲರ್ ಬಳಿ ಖಾಲಿ ಕೈಯಲ್ಲಿ ಹೋಗಬೇಡಿ. ಕೊಡುವ ಸಮಯ ಅರ್ಧ ಗಂಟೆ ಆಸುಪಾಸು. ಹೆಜ್ಜೆ 3ರ ಲೆಕ್ಕ, ಅಸಿಸ್ಟ್‌ನ ಮೂರು ಪಟ್ಟಿ, ಎಪಿ ಅಂಕ ಇಟ್ಟುಕೊಂಡು ಹೋಗಿ, "ಈ ಕೋರ್ಸು ಎರಡೂ ಕಡೆ ಲೆಕ್ಕಕ್ಕೆ ಬರುತ್ತದೆಯೇ?" ಎಂದು ಕೇಳಿ. ಬಾಯಿಮಾತಿಗೆ ನಿಲ್ಲದೆ ಪ್ಲ್ಯಾನಿನಲ್ಲಿ ಬರೆಸಿಕೊಳ್ಳಿ.

ಎರಡು ವರ್ಷಕ್ಕೆ ಮುಗಿಯಬೇಕಾದರೆ ಸೆಮಿಸ್ಟರಿಗೆ 15 ಯೂನಿಟ್. ಒಂದು ಯೂನಿಟ್ಟಿಗೆ ವಾರಕ್ಕೆ ಒಂದು ಗಂಟೆ ತರಗತಿ, ಎರಡು ಗಂಟೆ ಓದು ಎಂಬುದು ವಾಡಿಕೆಯ ಲೆಕ್ಕ, ಅಂದರೆ ವಾರಕ್ಕೆ 45 ಗಂಟೆ. ಸಣ್ಣ ಮಕ್ಕಳಿರುವ ತಾಯಂದಿರು 6 ಯೂನಿಟ್‌ನಿಂದ ಶುರು ಮಾಡಿ, ಬೇಸಿಗೆಯಲ್ಲೊಂದು ಕೋರ್ಸು ಸೇರಿಸಿಕೊಂಡು ನಾಲ್ಕು ವರ್ಷ ತೆಗೆದುಕೊಂಡರೂ ಡಿಗ್ರಿ ಅದೇ ಡಿಗ್ರಿ. ನಡುವೆ ಓದು ಬಿಡದಂತೆ ನೋಡಿಕೊಳ್ಳಿ: ಸತತವಾಗಿ ನೋಂದಣಿಯಲ್ಲಿದ್ದರೆ ಸೇರಿದ ವರ್ಷದ ನಿಯಮವೇ ನಿಮಗೆ ಅನ್ವಯ, ಬಿಟ್ಟು ಬಂದರೆ ಹೊಸ ನಿಯಮ.

ಪೂರ್ಣಾವಧಿಯವರಿಗೆ ಮುಖ್ಯ ಕೋರ್ಸುಗಳ ಒಂದು ಅಂದಾಜು (15 ಯೂನಿಟ್ಟಿಗೆ ಕಡಿಮೆ ಬಿದ್ದದ್ದನ್ನು ಬೇರೆ ಕೋರ್ಸುಗಳಿಂದ ತುಂಬಿಕೊಳ್ಳಿ): ಮೊದಲ ಸೆಮಿಸ್ಟರಿನಲ್ಲಿ ಇಂಗ್ಲಿಷ್, ಸ್ಟ್ಯಾಟಿಸ್ಟಿಕ್ಸ್, ಸೈಕಾಲಜಿ ಪರಿಚಯ, ಭಾಷಣ. ಎರಡನೆಯದರಲ್ಲಿ ವಿಮರ್ಶಾ ಚಿಂತನೆ, ಸೋಷಿಯಾಲಜಿ ಪರಿಚಯ, ಲ್ಯಾಬ್ ಸಮೇತ ಜೀವಶಾಸ್ತ್ರ, ಒಂದು ಕಲೆ. ಮೂರನೆಯದರಲ್ಲಿ ರಿಸರ್ಚ್ ಮೆಥಡ್ಸ್, ಅಮೆರಿಕದ ಸರ್ಕಾರ, ಎಥ್ನಿಕ್ ಸ್ಟಡೀಸ್, ಸಾಂಸ್ಕೃತಿಕ ಮಾನವಶಾಸ್ತ್ರ. ಕೊನೆಯದರಲ್ಲಿ ಅಮೆರಿಕದ ಇತಿಹಾಸ, ಭೌತ ವಿಜ್ಞಾನ, ಉಳಿದ ಖಾನೆಗಳು. ಇತಿಹಾಸ ಮತ್ತು ಸರ್ಕಾರದ ಕೋರ್ಸುಗಳಿಂದ ಕ್ಯಾಲ್ ಸ್ಟೇಟಿನ ಅಮೆರಿಕನ್ ಇನ್‌ಸ್ಟಿಟ್ಯೂಷನ್ಸ್ ಎಂಬ ಪದವಿ ನಿಯಮವೂ ಸಾಮಾನ್ಯವಾಗಿ ತೀರುತ್ತದೆ. ಸೆಕ್ಷನ್ ಆರಿಸುವಾಗ ವೇಳಾಪಟ್ಟಿಯಲ್ಲಿ "ಝೀರೋ ಟೆಕ್ಸ್ಟ್‌ಬುಕ್ ಕಾಸ್ಟ್" ಗುರುತು ಹುಡುಕಿ, ಪುಸ್ತಕದ ಖರ್ಚೇ ಇರುವುದಿಲ್ಲ.

ಹೆಜ್ಜೆ 7: ಡಿಗ್ರಿಗೆ ಅರ್ಜಿ ಹಾಕಿ

60 ಯೂನಿಟ್ ಮುಗಿದ ಮಾತ್ರಕ್ಕೆ ಡಿಗ್ರಿ ತಾನಾಗಿ ಬರುತ್ತದೆ ಎಂದು ಕಾಯಬೇಡಿ. ಹೆಚ್ಚಿನ ಕಾಲೇಜುಗಳಲ್ಲಿ ಪದವಿಗೆ ಬೇರೆ ಅರ್ಜಿ ಹಾಕಬೇಕು, ಅದಕ್ಕೊಂದು ಕೊನೆಯ ದಿನವಿದೆ. ಟ್ರಾನ್ಸ್‌ಫರ್ ಆಗುವವರು ಕೊನೆಯ ಅಂಕಪಟ್ಟಿಯ ಜೊತೆ ಕ್ಯಾಲ್-ಗೆಟ್ಸಿ ದೃಢೀಕರಣವನ್ನೂ ಕಳಿಸಲು ಕೇಳಬೇಕು. ಎರಡು ಮೂರು ಕಾಲೇಜಿನಲ್ಲಿ ಓದಿದ್ದರೆ ಎಲ್ಲದರ ಅಂಕಪಟ್ಟಿ ಮೊದಲು ಒಂದು ಕಡೆ ಸೇರಲಿ. ಹೆಸರಿನ ವಿಷಯದಲ್ಲೂ ಎಚ್ಚರ. ನಮ್ಮಲ್ಲಿ ಕೆಲವರ ಕೊನೆಯ ಹೆಸರು ಅಪ್ಪನದು, ಕೆಲವರದು ಊರಿನದು, ಕೆಲವರಿಗೆ ಬರೀ ಇನಿಷಿಯಲ್ಲು. ಮೊದಲ ಅರ್ಜಿಯಲ್ಲೇ ಪಾಸ್‌ಪೋರ್ಟಿನಲ್ಲಿ ಇದ್ದಂತೆ ಹಾಕಿ, ಎಪಿ ಅಂಕಪಟ್ಟಿ, ಮೌಲ್ಯಮಾಪನ ವರದಿ ಎಲ್ಲದರಲ್ಲೂ ಅದೇ ಇರಲಿ. ಇಲ್ಲದಿದ್ದರೆ ದಾಖಲೆ ಬಂದು ಕಚೇರಿಯಲ್ಲಿ ಕೂತಿದ್ದರೂ ನಿಮ್ಮ ಖಾತೆಗೆ ಸೇರುವುದಿಲ್ಲ.